ಒಂಟಿ ಎಳೆ, ಜೋಡಿ ಎಳೆ

ನಾನು ಹುಡುಗನಾಗಿದ್ದಾಗ ವೈರಸ್ ಎಂಬ ಮಾತು ನಮ್ಮ ಸಾಗರ ಸೀಮೆಯ ಹಳ್ಳಿಗೆ ಇನ್ನೂ ಬಂದಿರಲಿಲ್ಲ. ಅದು ತರುವ ಕಾಯಿಲೆಗಳೆಲ್ಲ ಆಗಲೇ ಬಂದು ಕೂತಿದ್ದವು. ನಮ್ಮ ಅಜ್ಜಿ ಅವುಗಳನ್ನು ತನ್ನದೇ ಕ್ರಮದಲ್ಲಿ ವಿಂಗಡಿಸಿಟ್ಟುಕೊಂಡಿದ್ದಳು. ಮೈಮೇಲೆ ಏಳುವಂಥವು ಒಂದು ಕಡೆ: ಸಿಡುಬು, ಸೀತಾಳೆ, ದಡಾರ, ಸರ್ಪಸುತ್ತು. ದವಡೆ ಬಾತರೆ ಮಂಗನಬಾವು, ಕಣ್ಣು ಹಳದಿಯಾದರೆ ಕಾಮಾಲೆ. ಕೊಟ್ಟಿಗೆಯ ಕಾಲುಬಾಯಿ ಜ್ವರ, ದೊಡ್ಡರೋಗ ಬೇರೆ ಲೆಕ್ಕ. ಏಲಕ್ಕಿಯ ಕಟ್ಟೆ ರೋಗ, ಬಾಳೆಯ ತುದಿಯೆಲೆಗಳು ಗೊಂಚಲುಗಟ್ಟಿ ನಿಂತುಬಿಡುವ ರೋಗ ತೋಟದ ಲೆಕ್ಕ. ಒಂದೊಂದಕ್ಕೂ ಒಂದೊಂದು ಪಥ್ಯ, ಒಂದೊಂದು ಹರಕೆ ಇತ್ತು. ಯಾರನ್ನು ಯಾವ ಕೋಣೆಯಲ್ಲಿ ಮಲಗಿಸಬೇಕು, ಏನು ಉಣ್ಣಿಸಬೇಕು ಎಂಬುದು ಆ ಪಟ್ಟಿಯಿಂದ ತಿಳಿಯುತ್ತಿತ್ತು. ಮನೆ ನಡೆಸುವವಳಿಗೆ ಅಷ್ಟು ಸಾಕಾಗಿತ್ತು.

ತಂಗಿಗೆ ಸೀತಾಳೆ ಎದ್ದ ವರ್ಷ ಮನೆಯಲ್ಲಿ ಒಗ್ಗರಣೆ ನಿಂತಿತು. ಸಾಸಿವೆ ಸಿಡಿಯುವ ಸದ್ದಿಗೆ ಅಮ್ಮನವರು ಮುನಿಯುತ್ತಾಳೆ ಎಂದು ಅಜ್ಜಿ ಇಂಗಿನ ಡಬ್ಬಿಯನ್ನೇ ನಾಗಂದಿಗೆಯ ಮೇಲೆ ಎತ್ತಿಟ್ಟಳು. ಬಾಗಿಲಿಗೆ ಬೇವಿನ ಸೊಪ್ಪು, ಹಾಸಿಗೆಗೆ ಬೇವಿನ ಸೊಪ್ಪು, ಮೊದಲ ಸ್ನಾನದ ಹಂಡೆಯೊಳಗೂ ಬೇವಿನ ಸೊಪ್ಪು ಬಿತ್ತು. ಆ ಕಹಿ ಘಾಟು ಪಡಸಾಲೆಯವರೆಗೂ ಬರುತ್ತಿತ್ತು. ಸಿಡುಬು ದೊಡ್ಡಮ್ಮ, ಸೀತಾಳೆ ಚಿಕ್ಕಮ್ಮ, ಇಬ್ಬರೂ ಅಕ್ಕತಂಗಿಯರು ಎಂದು ಅಜ್ಜಿ ಹೇಳುತ್ತಿದ್ದಳು. ಸರ್ಪಸುತ್ತಿಗೂ ಇವರಿಗೂ ಸಂಬಂಧವೇ ಇಲ್ಲವೆಂದು ನಂಬಿದ್ದಳು. ವಿಜ್ಞಾನ ಇದನ್ನು ತಿರುವುಮುರುವು ಮಾಡಿತು. ಸೀತಾಳೆಯೂ ಸರ್ಪಸುತ್ತೂ ಒಂದೇ ವೈರಸ್ಸಿನ ಕೆಲಸ. ಬಾಲ್ಯದಲ್ಲಿ ಸೀತಾಳೆಯಾಗಿ ಬಂದದ್ದು ನರಗಳ ಬುಡದಲ್ಲಿ ಅಡಗಿ ಕೂತು, ವಯಸ್ಸಾದ ಮೇಲೆ ಸೊಂಟದ ಸುತ್ತ ಏಳುತ್ತದೆ. ಸಿಡುಬಿನದು ಬೇರೆಯೇ ಕುಟುಂಬ. ಎರಡರ ಒಳಗೂ ಇರುವುದು ಜೋಡಿ ಎಳೆಯ ಡಿಎನ್‌ಎ ನಿಜ. ಆದರೆ ಸೀತಾಳೆಯ ವೈರಸ್ ನಮ್ಮ ಜೀವಕೋಶದ ಕೇಂದ್ರಕಕ್ಕೆ ಹೋಗಿ ಅಲ್ಲಿಯೇ ನಕಲಾಗುತ್ತದೆ. ಸಿಡುಬಿನದು ನಕಲು ಮಾಡುವ ಕಿಣ್ವಗಳನ್ನು ತಾನೇ ಹೊತ್ತು ತಂದು ಕೇಂದ್ರಕದ ಹೊರಗೇ ಕೆಲಸ ಮುಗಿಸುತ್ತದೆ.

ಸಿಡುಬಿಗೆ ದಾಕು ಹಾಕುವವರು ಬೇಸಿಗೆಯ ಮುಂಚೆ ಬರುತ್ತಿದ್ದರು. ಖಾಕಿ ಚೀಲ, ಸ್ಪಿರಿಟಿನ ವಾಸನೆ, ಚಿಮಣಿಬುಡ್ಡಿಯ ಉರಿಗೆ ಹಿಡಿದು ಕಾಯಿಸಿದ ಸಣ್ಣ ಉಕ್ಕಿನ ಬಿಲ್ಲೆ. ಬಿಲ್ಲೆಯ ಅಂಚಿಗೆ ಹಲ್ಲುಗಳಿದ್ದವು. ಲಸಿಕೆಯ ಹನಿಯನ್ನು ತೋಳಿಗೆ ಸವರಿ, ಬಿಲ್ಲೆಯನ್ನು ಅದರ ಮೇಲೊತ್ತಿ ಗಿರ್ರೆಂದು ತಿರುಗಿಸುತ್ತಿದ್ದರು. ನಾವು ಅಡಕೆ ಅಟ್ಟದಲ್ಲಿ ಅಡಗುತ್ತಿದ್ದೆವು. ಅಪ್ಪಯ್ಯ ಒಬ್ಬೊಬ್ಬರನ್ನೇ ಇಳಿಸಿ ತರುತ್ತಿದ್ದರು. ನನ್ನ ವಯಸ್ಸಿನವರ ತೋಳಿನ ಮೇಲೆ ಆ ದುಂಡು ಕಲೆ ಈಗಲೂ ಇದೆ. ನನ್ನ ಮಗನಿಗೆ ಇಲ್ಲ, ಬೇಕಾಗಲಿಲ್ಲ. ಭಾರತದ ಕೊನೆಯ ಸಿಡುಬು ರೋಗಿ ಕಂಡದ್ದು 1975ರಲ್ಲಿ. 1980ರಲ್ಲಿ ಇಡೀ ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಲಸಿಕೆಯಲ್ಲಿದ್ದದ್ದು ಸಿಡುಬಿನ ವೈರಸ್ಸೇ ಅಲ್ಲ, ಅದೇ ಕುಟುಂಬದ ಇನ್ನೊಂದು. ನೆಂಟಸ್ತಿಕೆ ಹತ್ತಿರದ್ದಾಗಿದ್ದರಿಂದ ಒಂದರ ವಿರುದ್ಧ ಕಲಿತ ದೇಹ ಇನ್ನೊಂದನ್ನೂ ತಡೆಯಿತು.

1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸತ್ತು ಬೀಳತೊಡಗಿದವು. ಹಿಂದೆಯೇ ಸೌದೆಗೆ, ಸೊಪ್ಪಿಗೆ ಹೋದ ಜನ ಜ್ವರದಿಂದ ಮಲಗಿದರು. ಅದೇ ಮಂಗನ ಕಾಯಿಲೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಜೀಪುಗಳಲ್ಲಿ ಬಂದರು ಎಂಬುದು ಸಂತೆಯಲ್ಲೆಲ್ಲ ಸುದ್ದಿಯಾಯಿತು. ಮಂಗಗಳು ಸಾಯುವುದನ್ನು ಕಂಡು ಅವರಿಗೆ ಮೊದಲು ಹುಟ್ಟಿದ ಅಂಜಿಕೆ, ಏಷ್ಯಾಕ್ಕೆ ಎಂದೂ ಬಾರದಿದ್ದ ಹಳದಿ ಜ್ವರ ಬಂತೇ ಎಂಬುದು. ಹಳದಿ ಜ್ವರವಾಗಿದ್ದರೆ ಸೊಳ್ಳೆಯನ್ನು ಹುಡುಕಬೇಕಿತ್ತು. ಆದರೆ ಬೇರ್ಪಡಿಸಿದ ವೈರಸ್ಸನ್ನು ರಕ್ತಸಾರದ ಪರೀಕ್ಷೆಗಳಿಗೆ ಒಡ್ಡಿದಾಗ ಅದರ ನೆಂಟರು ದೂರದ ರಷ್ಯಾದ ಕಾಡುಗಳಲ್ಲಿ ಸಿಕ್ಕರು. ಅಲ್ಲಿನ ಮಿದುಳುಜ್ವರದ ವೈರಸ್ಸಿನ ಬಳಗಕ್ಕೆ ಇದು ಸೇರಿದ್ದೆಂದು ತಿಳಿಯಿತು. ಆ ಬಳಗ ಹರಡುವುದು ಉಣುಗಿನಿಂದ. ನಮ್ಮ ಕಾಡಿನಲ್ಲೂ ಉಣುಗುಗಳನ್ನು ಹಿಡಿದು ನೋಡಿದರು, ವೈರಸ್ ಸಿಕ್ಕಿತು. ನೆಂಟರು ಯಾರೆಂದು ಗೊತ್ತಾದ ಕೂಡಲೇ ಹುಡುಕಬೇಕಾದ ಜಾಗವೂ ಗೊತ್ತಾಯಿತು. ವರ್ಗೀಕರಣವೆಂದರೆ ಪುಸ್ತಕದ ಕೆಲಸವೆಂದು ತಿಳಿದವರಿಗೆ ನಾನು ಈಗಲೂ ಹೇಳುವುದು ಈ ಕತೆಯನ್ನೇ.

ಶಿವಮೊಗ್ಗದಲ್ಲಿ ಬಿ.ಎಸ್ಸಿ.ಗೆ ಸೇರಿದಾಗ ಒಂದು ಡ್ರಾಯಿಂಗ್ ಹಾಳೆಗೆ 15 ಪೈಸೆ, ಕಾಲೇಜಿನೆದುರಿನ ಕಾಫಿಗೆ 20 ಪೈಸೆ. ಪ್ರಯೋಗಾಲಯದ ತುಂಬ ಫಾರ್ಮಲಿನ್ ವಾಸನೆ. ಊಟಕ್ಕೆ ಕೂತರೂ ಅದು ಬೆರಳಿನಿಂದ ಬಿಡುತ್ತಿರಲಿಲ್ಲ. ನಮಗೆ ಹೇಳಿಕೊಟ್ಟದ್ದು 1948ರ ಹೋಮ್ಸ್ ಪದ್ಧತಿ. ಬ್ಯಾಕ್ಟೀರಿಯಾಕ್ಕೆ ತಗಲುವವು ಒಂದು, ಗಿಡಕ್ಕೆ ತಗಲುವವು ಇನ್ನೊಂದು, ಪ್ರಾಣಿಗೆ ತಗಲುವವು ಮತ್ತೊಂದು. ನಾನು ಅದನ್ನು ಮೂರು ಬಣ್ಣದ ಮಸಿಯಲ್ಲಿ ಬರೆದು ಬಾಯಿಪಾಠ ಮಾಡಿದೆ. ಲೋಕವೆಲ್ಲ ಮೂರು ಕಂಬದಲ್ಲಿ ಹಿಡಿಸಿತಲ್ಲ ಎಂದು ಆ ವಯಸ್ಸಿಗೆ ಬಹಳ ಸಮಾಧಾನವಾಗಿತ್ತು. ಈಗ ನೋಡಿದರೆ ಅದು ಅಜ್ಜಿಯ ಪಟ್ಟಿಯ ಹಾದಿಯಲ್ಲೇ ಇತ್ತು. ಅಜ್ಜಿ ಮನೆ, ಕೊಟ್ಟಿಗೆ, ತೋಟ ಎಂದಿದ್ದಳು. ಹೋಮ್ಸ್ ಕೂಡ ವೈರಸ್ ಎಲ್ಲಿ ಸಿಕ್ಕಿತು ಎಂಬುದನ್ನೇ ಕೇಳಿದ್ದರು. ಅದರ ಒಳಗೇನಿದೆ ಎಂಬ ಪ್ರಶ್ನೆ ಆ ಪಟ್ಟಿಯಲ್ಲಿರಲಿಲ್ಲ.

ಒಳಗೇನಿದೆ ಎಂಬ ಪ್ರಶ್ನೆಗೆ ದಾರಿ ತೋರಿದ್ದು ಹೊಗೆಸೊಪ್ಪು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುವಾಗ ಮೇಷ್ಟರು ನಮ್ಮನ್ನು ಹುಣಸೂರಿನ ಕಡೆಯ ಹೊಲಗಳಿಗೆ ಕರೆದೊಯ್ದು ಮೊಸಾಯಿಕ್ ರೋಗದ ಎಲೆ ತೋರಿಸಿದರು. ದಟ್ಟ ಹಸಿರು, ತಿಳಿ ಹಸಿರು ಬೆರೆತ ತೇಪೆ, ಸುಕ್ಕುಗಟ್ಟಿದ ಅಂಚು, ಮುಟ್ಟಿದರೆ ಕೈಗಂಟುವ ಜಿಗುಟು. ಮೇಷ್ಟರು ಆ ಎಲೆ ಹಿಡಿದುಕೊಂಡೇ ಬದುವಿನ ಮೇಲೆ ಕೂತು ಪಾಠ ಮಾಡಿದರು. 1935ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಈ ವೈರಸ್ಸನ್ನು ಹರಳುಗಟ್ಟಿಸಿ, ಇದು ಬರೀ ಪ್ರೋಟೀನು ಎಂದರು. ಮರುವರ್ಷವೇ ಇಂಗ್ಲೆಂಡಿನ ಬಾಡೆನ್ ಮತ್ತು ಪಿರಿ ಅದರಲ್ಲಿ ಆರ್‌ಎನ್‌ಎ ಕೂಡ ಇದೆಯೆಂದು ತೋರಿಸಿದರು. ಕ್ಯಾಸನೂರಿನಲ್ಲಿ ಮಂಗಗಳು ಸತ್ತ ಅದೇ 1957ರಲ್ಲಿ ಫ್ರೆಂಕೆಲ್-ಕಾನ್ರಾಟ್ ಮತ್ತು ಸಿಂಗರ್ ಒಂದು ತಳಿಯ ಪ್ರೋಟೀನ್ ಕವಚದೊಳಗೆ ಇನ್ನೊಂದು ತಳಿಯ ಆರ್‌ಎನ್‌ಎ ಸೇರಿಸಿ ಎಲೆಗೆ ಉಜ್ಜಿದರು. ಹುಟ್ಟಿದ ಮರಿಗಳೆಲ್ಲ ಆರ್‌ಎನ್‌ಎ ಯಾವ ತಳಿಯದೋ ಆ ತಳಿಯವೇ ಆಗಿದ್ದವು. ವಂಶ ಇರುವುದು ಎಳೆಯಲ್ಲಿ, ಕವಚದಲ್ಲಲ್ಲ ಎಂದು ಮೇಷ್ಟರು ಹೇಳಿ ಎಲೆಯನ್ನು ಮಡಚಿ ಜೇಬಿಗಿಟ್ಟುಕೊಂಡರು.

ಹಾಗೆಂದು ಕವಚ ಬೇಡದ ವಸ್ತುವಾಗಿರಲಿಲ್ಲ. 1962ರಲ್ಲಿ ಪ್ಯಾರಿಸಿನ ಆಂದ್ರೆ ಲ್ವಾಫ್ ಮತ್ತು ಜೊತೆಯವರು ಒಂದು ಹೊಸ ಪದ್ಧತಿ ಕೊಟ್ಟಿದ್ದರು. ಒಳಗಿರುವುದು ಡಿಎನ್‌ಎಯೋ ಆರ್‌ಎನ್‌ಎಯೋ? ಕವಚ ಸುರುಳಿಯೋ, ಬಹುಮುಖದ ಗುಂಡೋ? ಮೇಲೆ ಕೊಬ್ಬಿನ ಹೊದಿಕೆ ಉಂಟೋ ಇಲ್ಲವೋ? ನಾವು ಹಾಸ್ಟೆಲ್ ಕೋಣೆಯಲ್ಲಿ ರಟ್ಟು ಕತ್ತರಿಸಿ ಕೂತೆವು. ರಟ್ಟಿಗೆ 60 ಪೈಸೆ. ಅಂಟಿಗೆ ಅಡುಗೆಮನೆಯಿಂದ ಬೇಡಿ ತಂದ ಮೈದಾ. 20 ಸಮಭುಜ ತ್ರಿಕೋನ ಕತ್ತರಿಸಿ, ಪ್ರತಿ ಮೂಲೆಯಲ್ಲಿ ಐದೈದು ಕೂಡುವಂತೆ ಅಂಟಿಸುತ್ತ ಹೋದರೆ 12 ಮೂಲೆಗಳ ಗುಂಡು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಪೋಲಿಯೊ, ಕಾಲುಬಾಯಿ ಜ್ವರದ ವೈರಸ್ಸುಗಳೆಲ್ಲ ಆ ಆಕಾರ. ಹೊಗೆಸೊಪ್ಪಿನದು ಸುರುಳಿ: 300 ನ್ಯಾನೊಮೀಟರ್ ಉದ್ದದ ಕಡ್ಡಿ, ಎಳೆಯ ಸುತ್ತ 2,130 ಒಂದೇ ತರದ ಪ್ರೋಟೀನ್ ತುಣುಕುಗಳು. ಎಳೆ ಚಿಕ್ಕದು, ಹೆಚ್ಚು ಪ್ರೋಟೀನುಗಳ ವಿವರ ಅದರಲ್ಲಿ ಹಿಡಿಸದು. ಅದಕ್ಕೇ ಒಂದೇ ತುಣುಕನ್ನು ಮತ್ತೆ ಮತ್ತೆ ಜೋಡಿಸಿ ಕವಚ ಕಟ್ಟುತ್ತದೆ. ಮೈದಾ ಅಂಟಿನ ಹುಳಿ ವಾಸನೆಗೆ ಇರುವೆಗಳು ಬಂದು ನಮ್ಮ ಪೋಲಿಯೊ ವೈರಸ್ಸನ್ನು ವಾರದೊಳಗೆ ಬಿಚ್ಚಿಹಾಕಿದವು. ಮುಂದೆ 1990ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಆರ್.ಎನ್. ಮೂರ್ತಿ, ಎಚ್.ಎಸ್. ಸಾವಿತ್ರಿ ಅವರ ತಂಡ ಅಗಸೆ ಮರದ ಮೊಸಾಯಿಕ್ ವೈರಸ್ಸಿನ ರಚನೆಯನ್ನು ಎಕ್ಸ್-ಕಿರಣಗಳಿಂದ ಬಿಡಿಸಿತು. ಅದರ ಕವಚದಲ್ಲಿ 180 ತುಣುಕುಗಳು. ನಾವು ರಟ್ಟಿನಲ್ಲಿ ಮಾಡಿದ ಆಕಾರವನ್ನು ನಮ್ಮ ನಾಡಿನವರೇ ಒಂದೊಂದು ಪರಮಾಣುವಿನ ಮಟ್ಟಿಗೆ ತೋರಿಸಿದ್ದು ನನಗೆ ಬಹಳ ಹೆಮ್ಮೆ ತಂದಿತು.

ಪಟ್ಟಿಯಿಂದ ಹೊರಹೋದವೂ ಇದ್ದವು. ಶ್ರೀಗಂಧದ ಸ್ಪೈಕ್ ರೋಗ 1899ರಲ್ಲಿ ಕೊಡಗಿನಲ್ಲಿ ವರದಿಯಾಗಿತ್ತು. ಎಲೆಗಳು ಸಣ್ಣಗಾಗಿ ಸೆಟೆದು, ಕೊಂಬೆಗಳು ಮುಳ್ಳಿನಂತಾಗಿ, ಕೆಲವೇ ವರ್ಷಗಳಲ್ಲಿ ಮರ ಒಣಗುತ್ತಿತ್ತು. ದಶಕಗಳ ಕಾಲ ಎಲ್ಲರೂ ಅದನ್ನು ವೈರಸ್ ರೋಗವೆಂದೇ ಬರೆದರು, ನಮ್ಮ ನೋಟ್ಸಿನಲ್ಲೂ ಹಾಗೇ ಇತ್ತು. 1969ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ವೈರಸ್ಸಲ್ಲ, ಗೋಡೆಯಿಲ್ಲದ ಪುಟ್ಟ ಬ್ಯಾಕ್ಟೀರಿಯಾ. ಈಗ ಅದನ್ನು ಫೈಟೊಪ್ಲಾಸ್ಮಾ ಎನ್ನುತ್ತೇವೆ. ಸುದ್ದಿ ನಮ್ಮ ತರಗತಿಗೆ ತಲುಪಿದ ದಿನ ಮೇಷ್ಟರು ಬೋರ್ಡಿನ ಮೇಲಿನ ಪಟ್ಟಿಯಿಂದ ಶ್ರೀಗಂಧವನ್ನು ಒರೆಸಿ ಮುಂದಿನ ಸಾಲಿಗೆ ಹೋದರು. ರೋಗಲಕ್ಷಣ ಮಾತ್ರ ನೋಡಿ ವಿಂಗಡಿಸಿದ್ದು ಎಷ್ಟು ಕಾಲ ನಿಲ್ಲುತ್ತದೆಂದು ಆ ಒಂದು ಒರೆಸಿನಲ್ಲಿ ನಮಗೆ ತಿಳಿಯಿತು.

ನನ್ನ ತಲೆಗೆ ಬೆಳಕು ಬಿದ್ದದ್ದು ಡೇವಿಡ್ ಬಾಲ್ಟಿಮೋರ್ 1971ರಲ್ಲಿ ಬರೆದ ಲೇಖನದಿಂದ. ವೈರಸ್ ಯಾವುದೇ ಇರಲಿ, ಅದು ತನ್ನ ಪ್ರೋಟೀನುಗಳನ್ನು ನಮ್ಮ ಜೀವಕೋಶದ ರೈಬೋಸೋಮುಗಳಿಂದಲೇ ಮಾಡಿಸಿಕೊಳ್ಳಬೇಕು. ರೈಬೋಸೋಮಿಗೆ ಓದಲು ಬರುವುದು ಸಂದೇಶವಾಹಕ ಆರ್‌ಎನ್‌ಎ ಒಂದೇ. ಹಾಗಾದರೆ ಪ್ರತಿಯೊಂದು ವೈರಸ್ಸಿಗೂ ಒಂದೇ ಪ್ರಶ್ನೆ ಕೇಳಿ: ನಿನ್ನಲ್ಲಿರುವ ಎಳೆಯಿಂದ ಆ ಸಂದೇಶದವರೆಗೆ ಹೇಗೆ ಹೋಗುತ್ತೀ? ಬಾಲ್ಟಿಮೋರ್ ಆಗ ಆರು ದಾರಿಗಳನ್ನು ಗುರುತಿಸಿದ್ದರು, ಏಳನೆಯದು ಆಮೇಲೆ ಸೇರಿತು. ಧನ ಎಳೆ, ಋಣ ಎಳೆ ಎಂಬುದು ನಮಗೆ ತಿಳಿಯದಿದ್ದಾಗ ಮೇಷ್ಟರು ಮೇಜಿನ ಮೇಲಿದ್ದ ಬ್ಲಾಟಿಂಗ್ ಪೇಪರನ್ನು ಎತ್ತಿ ತೋರಿಸಿದರು. ಮಸಿ ಆರದ ಕಾಗದದ ಮೇಲೆ ಒತ್ತಿದ್ದರಿಂದ ಅಕ್ಷರಗಳು ತಿರುಗುಮುರುಗಾಗಿ ಮೂಡಿದ್ದವು. ‘ಕಾಗದವನ್ನು ನೇರ ಓದಬಹುದು, ಅದು ಧನ ಎಳೆ. ಇದರಲ್ಲೂ ಮಾತೆಲ್ಲ ಉಂಟು ಮಾರಾಯ, ಆದರೆ ಇನ್ನೊಂದು ಸಲ ತಿರುಗಿಸಿ ಬರೆಯದೆ ಓದಲಾಗದು. ಇದು ಋಣ ಎಳೆ’ ಎಂದರು. ಮುಂದೆ ಮೂವತ್ತಕ್ಕೂ ಹೆಚ್ಚು ವರ್ಷ ನಾನು ಅದನ್ನೇ ತೋರಿಸಿ ಪಾಠ ಮಾಡಿದೆ. ಕೊನೆಕೊನೆಗೆ ಬ್ಲಾಟಿಂಗ್ ಪೇಪರ್ ಎಂದರೇನೆಂದು ಮೊದಲು ಹೇಳಬೇಕಾಗಿ ಬಂತು.

ಆ ಏಳು ದಾರಿಗಳನ್ನು ನಾನು ನಮ್ಮ ಊರಿನ ಕಾಯಿಲೆಗಳನ್ನೇ ಇಟ್ಟು ಬರೆಸುತ್ತಿದ್ದೆ. ಒಂದನೆಯದು ಜೋಡಿ ಎಳೆಯ ಡಿಎನ್‌ಎ: ಸಿಡುಬು, ಸೀತಾಳೆ. ಎರಡನೆಯದು ಒಂಟಿ ಎಳೆಯ ಡಿಎನ್‌ಎ: ಬಾಳೆಯ ಗೊಂಚಲುತುದಿ, ಟೊಮೆಟೊ ಎಲೆ ಮುದುರು, ನಾಯಿಮರಿಗಳ ಪಾರ್ವೊ. ಇವು ಮೊದಲು ಜೋಡಿಯಾಗಿ ಆಮೇಲೆ ಸಂದೇಶ ಬರೆಸುತ್ತವೆ. ಮೂರನೆಯದು ಜೋಡಿ ಎಳೆಯ ಆರ್‌ಎನ್‌ಎ: ಎಳೆಮಕ್ಕಳಿಗೆ ಭೇದಿ ತರುವ ರೋಟಾ, ಕುರಿಯ ನೀಲಿನಾಲಿಗೆ. ನಾಲ್ಕನೆಯದು ಧನ ಎಳೆಯ ಆರ್‌ಎನ್‌ಎ: ಪೋಲಿಯೊ, ಡೆಂಗಿ, ಮಂಗನ ಕಾಯಿಲೆ, ಏಲಕ್ಕಿಯ ಕಟ್ಟೆ ರೋಗ. ಎಳೆ ಒಳಗೆ ಬಿದ್ದೊಡನೆ ರೈಬೋಸೋಮ್ ಓದತೊಡಗುತ್ತದೆ. ಐದನೆಯದು ಋಣ ಎಳೆ: ದಡಾರ, ಮಂಗನಬಾವು, ಇನ್‌ಫ್ಲುಯೆಂಜಾ, ಹುಚ್ಚುನಾಯಿ ಕಡಿತದ ರೇಬಿಸ್. ತಿರುಗಿಸಿ ಬರೆಯುವ ಕಿಣ್ವ ನಮ್ಮ ಜೀವಕೋಶದಲ್ಲಿಲ್ಲ, ಆದ್ದರಿಂದ ಇವು ಅದನ್ನು ಕವಚದೊಳಗೆ ಕಟ್ಟಿಕೊಂಡೇ ಬರುತ್ತವೆ. ಆರನೆಯದು ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿ ನಮ್ಮ ವರ್ಣತಂತುವಿನೊಳಗೇ ಹೆಣೆದುಬಿಡುವ ಎಚ್‌ಐವಿಯ ದಾರಿ. ಏಳನೆಯದು ಹೆಪಟೈಟಿಸ್ ಬಿ: ಹೊತ್ತು ತರುವುದು ಡಿಎನ್‌ಎ, ಆದರೆ ಅದು ನಕಲಾಗುವುದು ಆರ್‌ಎನ್‌ಎ ಮೂಲಕ.

ಕೆಲಸಕ್ಕೆ ಸೇರಿದ ಮೇಲೆ ಕೆಲವು ವರ್ಷ ರಾಮನಗರದ ಕಡೆ ಇದ್ದೆ. ರೇಷ್ಮೆಗೂಡಿಗೆ ಆಗ ಕಿಲೋಗೆ 40 ರೂಪಾಯಿ ಆಸುಪಾಸು. ಹುಳುಮನೆಗಳಲ್ಲಿ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ಸಾವಿರಾರು ಹುಳು ಒಟ್ಟಿಗೆ ಸೊಪ್ಪು ಕಡಿಯುವ ಸರಸರ ಸದ್ದು. ಒಬ್ಬ ವಿದ್ಯಾರ್ಥಿ ಮನೆಯಿಂದ ಹಾಲುತೊಂಡೆ ರೋಗ ಹತ್ತಿದ ಹುಳುಗಳನ್ನು ತಂದ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಎದ್ದು ಗೂಡು ಕಟ್ಟಲು ಚಂದ್ರಿಕೆ ಏರಬೇಕಾಗಿದ್ದವು, ಮೈ ಉಬ್ಬಿ ಹೊಳೆಯುತ್ತಿದ್ದವು. ಕಾಲು ಚಿವುಟಿದರೆ ಹಾಲಿನ ಬಣ್ಣದ ಹನಿ ಬಂತು. ಹನಿಯನ್ನು ಸ್ಲೈಡಿಗೆ ಸವರಿ, ದೇವದಾರು ಎಣ್ಣೆಯ ಬೊಟ್ಟಿಟ್ಟು ನೋಡಿದೆವು. ಬಹುಮುಖದ ಹರಳುಗಳು ತುಂಬಿ ತುಳುಕುತ್ತಿದ್ದವು. ಅವು ವೈರಸ್ಸಲ್ಲ, ವೈರಸ್ ತನ್ನ ರಕ್ಷಣೆಗೆ ಕಟ್ಟಿಸಿಕೊಂಡ ಪ್ರೋಟೀನ್ ಹರಳು. ಒಂದೊಂದರೊಳಗೂ ಕಡ್ಡಿಯಾಕಾರದ ಹಲವು ವೈರಸ್ಸುಗಳು ಹುದುಗಿರುತ್ತವೆ. ಒಳಗೆ ಜೋಡಿ ಎಳೆಯ ಡಿಎನ್‌ಎ. ರೇಷ್ಮೆಹುಳುವಿಗೇ ಜೋಡಿ ಎಳೆಯ ಆರ್‌ಎನ್‌ಎ ವೈರಸ್ ಬೇರೆಯಿದೆ, ಒಂಟಿ ಎಳೆಯ ಡಿಎನ್‌ಎ ವೈರಸ್ಸೂ ಇದೆ. ಒಂದೇ ತಟ್ಟೆಯ ಹುಳುಗಳಲ್ಲಿ ಮೂರು ವರ್ಗ! ಯಾರಿಗೆ ತಗಲುತ್ತದೆ ಎಂದು ವಿಂಗಡಿಸಿದ್ದರೆ ಇವೆಲ್ಲ ಒಂದೇ ಕಂಬಕ್ಕೆ ಬೀಳುತ್ತಿದ್ದವು.

ನಮ್ಮ ಚಿಕ್ಕಪ್ಪನಿಗೆ ಕಾಮಾಲೆಯಾದಾಗ ಅಜ್ಜಿ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಟ್ಟಿದ್ದಳು, ಎಣ್ಣೆ ಬಿಡಿಸಿದ್ದಳು. ತಿಂಗಳಲ್ಲಿ ಗುಣವಾಯಿತು. ಅದೇ ನೆಲನೆಲ್ಲಿ ಕುಡಿದ ಪಕ್ಕದ ಮನೆಯವರಿಗೆ ವರ್ಷಗಟ್ಟಲೆ ಯಕೃತ್ತು ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿತು. ಒಬ್ಬರಿಗೆ ವಾಸಿಯಾದದ್ದು ಇನ್ನೊಬ್ಬರಿಗೆ ಏಕಾಗಲಿಲ್ಲವೆಂದು ಆಗ ಯಾರೂ ಹೇಳಲಾರದೆ ಹಣೆಬರಹವೆಂದರು. ಕಾಮಾಲೆ ಎಂಬ ಒಂದು ಹೆಸರಿನ ಕೆಳಗೆ ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲದ ವೈರಸ್ಸುಗಳಿವೆ. ಎ ಮತ್ತು ಇ ನೀರಿನಿಂದ ಬರುತ್ತವೆ, ಸಾಮಾನ್ಯವಾಗಿ ತಾವಾಗಿ ಹೋಗುತ್ತವೆ. ಬಿ ಮತ್ತು ಸಿ ರಕ್ತದಿಂದ ಬರುತ್ತವೆ, ಕೆಲವರಲ್ಲಿ ಉಳಿದುಬಿಡುತ್ತವೆ. ಇವತ್ತು ಒಂದು ಸೀಸೆ ರಕ್ತ ಕೊಟ್ಟರೆ ಯಾವುದೆಂದು ಹೇಳುತ್ತಾರೆ. ಬಿಗೆ ಲಸಿಕೆಯಿದೆ, ಸಿ ಗುಣಪಡಿಸುವ ಮಾತ್ರೆಗಳಿವೆ. ಆ ಮಾತ್ರೆಗಳು ತಡೆಯುವುದು ಸಿ ವೈರಸ್ಸಿನ ಸ್ವಂತ ಕಿಣ್ವಗಳನ್ನು. ಒಳಗಿನ ಎಳೆಯನ್ನು ಓದಿರದಿದ್ದರೆ ಅವು ಹುಟ್ಟುತ್ತಿರಲಿಲ್ಲ.

ಕೊಟ್ಟಿಗೆಯಲ್ಲಿ ದೊಡ್ಡರೋಗ ಬಂದರೆ ದನದ ಮೂಗು, ಕಣ್ಣು ಸೋರಿ, ಬಾಯಿ ಹುಣ್ಣಾಗಿ, ಭೇದಿಯ ಕೆಟ್ಟ ನಾತ ಅಂಗಳಕ್ಕೆ ಬರುತ್ತಿತ್ತು. ಅಪ್ಪಯ್ಯ ಬಾನಿಯ ಕಲಗಚ್ಚನ್ನು ಪಕ್ಕದ ಮನೆಯ ದನಕ್ಕೆ ಕೊಡುವುದನ್ನು ನಿಲ್ಲಿಸುತ್ತಿದ್ದರು. ಆ ವೈರಸ್ಸೂ ಮಕ್ಕಳ ದಡಾರದ ವೈರಸ್ಸೂ ಒಂದೇ ಕುಲದವು, ಹತ್ತಿರದ ದಾಯಾದಿಗಳು ಎಂಬುದನ್ನು ಕೊಟ್ಟಿಗೆ ಬೇರೆ, ತೊಟ್ಟಿಲು ಬೇರೆ ಎಂದಿದ್ದ ಅಜ್ಜಿಗೆ ಹೇಳುವಷ್ಟರಲ್ಲಿ ಅವಳು ತೀರಿಹೋಗಿದ್ದಳು. ದೊಡ್ಡರೋಗವೂ ಹೋಯಿತು: 2011ರಲ್ಲಿ ಅದು ಭೂಮಿಯಿಂದಲೇ ಅಳಿಯಿತೆಂದು ಘೋಷಿಸಿದರು. ಸಿಡುಬಿನ ನಂತರ ಹಾಗೆ ಹೋದ ಎರಡನೆಯ ಕಾಯಿಲೆ ಅದು. ದಡಾರ ಉಳಿದಿದೆ.

2020ರಲ್ಲಿ ಕೊರೊನಾ ಬಂದಾಗ ನಾನು ನಿವೃತ್ತನಾಗಿ ಬಹಳ ಕಾಲವಾಗಿತ್ತು. ಆರ್‌ಟಿ-ಪಿಸಿಆರ್ ಎಂಬ ಮಾತು ತರಕಾರಿ ಗಾಡಿಯವರ ಬಾಯಲ್ಲೂ ಕೇಳಿತು. ಮೊದಲ ತಿಂಗಳುಗಳಲ್ಲಿ ಖಾಸಗಿ ಪರೀಕ್ಷೆಗೆ ಸರ್ಕಾರ ಕಟ್ಟಿದ ಮಿತಿ 4,500 ರೂಪಾಯಿ. ಅದರಲ್ಲಿನ ಆರ್‌ಟಿ, ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ಬರೆಯುವ ಕಿಣ್ವ. ಪಿಸಿಆರ್ ಯಂತ್ರ ಹಿಗ್ಗಿಸುವುದು ಡಿಎನ್‌ಎಯನ್ನು. ಕೊರೊನಾದಲ್ಲಿರುವುದು ಧನ ಎಳೆಯ ಆರ್‌ಎನ್‌ಎ. ಅದಕ್ಕೇ ಮೊದಲು ಬದಲಿಸಬೇಕು. ಆ ಕಿಣ್ವವನ್ನು 1970ರಲ್ಲಿ ಬೇರೆಬೇರೆಯಾಗಿ ಕಂಡುಹಿಡಿದವರು ಹೊವಾರ್ಡ್ ಟೆಮಿನ್ ಮತ್ತು ಅದೇ ಬಾಲ್ಟಿಮೋರ್. 1975ರಲ್ಲಿ ಇಬ್ಬರಿಗೂ ನೊಬೆಲ್ ಬಂದಿತ್ತು. ಬಾಲ್ಟಿಮೋರ್ 2025ರಲ್ಲಿ ತೀರಿಕೊಂಡರು. ಅವರ ಪಟ್ಟಿ ತಿಳಿದಿದ್ದ ನನ್ನ ಹಳೆಯ ವಿದ್ಯಾರ್ಥಿಗಳು ಹಲವರು ಆ ದಿನಗಳಲ್ಲಿ ಪ್ರಯೋಗಾಲಯಗಳಲ್ಲಿ ರಾತ್ರಿಹಗಲು ದುಡಿದರು.

ಈಗ ಮೊಮ್ಮಗಳ ಪುಸ್ತಕದಲ್ಲಿ ಇನ್ನೂ ಮೇಲಿನ ಹಂತಗಳಿವೆ. ವೈರಸ್ ವರ್ಗೀಕರಣದ ಅಂತರರಾಷ್ಟ್ರೀಯ ಸಮಿತಿ ಎಳೆಗಳ ಅಕ್ಷರಗಳನ್ನೇ ಹೋಲಿಸಿ, ಸಾಮ್ರಾಜ್ಯದಿಂದ ಪ್ರಭೇದದವರೆಗೆ ಮೆಟ್ಟಿಲು ಕಟ್ಟಿದೆ. ಬಾಲ್ಟಿಮೋರರ ಹಲವು ವರ್ಗಗಳು ಅಲ್ಲಿ ಒಂದೇ ಸಾಮ್ರಾಜ್ಯದೊಳಗೆ ಬಂದಿವೆ, ಕೆಲವು ಒಡೆದಿವೆ. ಗಿಡಮರಗಳಿಗಿರುವಂತೆ ಎರಡು ಪದದ ಹೆಸರೂ ಬಂದಿದೆ. ಮಂಗನ ಕಾಯಿಲೆಯದು ಈಗ ಆರ್ಥೋಫ್ಲೇವಿವೈರಸ್ ಕ್ಯಾಸನೂರೆನ್ಸ್. ನಾನು ಮೂರು ಬಣ್ಣದಲ್ಲಿ ಬರೆದ ಹೋಮ್ಸ್ ಪದ್ಧತಿಯನ್ನು ಇಂದು ಯಾರೂ ಓದುವುದಿಲ್ಲ; ಓದಬೇಕಾದ ಅಗತ್ಯವೂ ಇಲ್ಲ. ಮೊಮ್ಮಗಳು ಬಾಯಿಪಾಠ ಮಾಡುತ್ತಿರುವ ಹೆಸರುಗಳಲ್ಲೂ ಎಷ್ಟೋ ಅವಳ ಕಾಲದಲ್ಲೇ ಬದಲಾಗುತ್ತವೆ. ಹೊಸ ಎಳೆಗಳನ್ನು ಓದಿದಂತೆಲ್ಲ ಪಟ್ಟಿ ಬದಲಾಗಬೇಕು, ಅದೇ ಸರಿ.

ಆದ್ದರಿಂದ ನಿಮಗೆ ಹೆಸರಿನ ಗೊಡವೆ ಬೇಡ. ನಾಳೆ ಪೇಪರಿನಲ್ಲಿ ಯಾವುದಾದರೂ ಹೊಸ ವೈರಸ್ಸಿನ ಸುದ್ದಿ ಬಂದರೆ ಮೂರು ವಿಷಯ ಹುಡುಕಿ. ಡಿಎನ್‌ಎಯೋ ಆರ್‌ಎನ್‌ಎಯೋ? ಆರ್‌ಎನ್‌ಎಯಾದರೆ ನಕಲಿನಲ್ಲಿ ತಪ್ಪು ಹೆಚ್ಚು, ರೂಪ ಬದಲಿಸುವ ವೇಗವೂ ಸಾಮಾನ್ಯವಾಗಿ ಹೆಚ್ಚು. ಅದರ ಹತ್ತಿರದ ನೆಂಟರು ಯಾರು? ಹರಡುವುದು ಉಣುಗಿನಿಂದಲೋ ನೀರಿನಿಂದಲೋ ಉಸಿರಿನಿಂದಲೋ ಎಂಬ ಮೊದಲ ಸುಳಿವು ಅಲ್ಲಿ ಸಿಗುತ್ತದೆ. ಕೊಬ್ಬಿನ ಹೊದಿಕೆ ಉಂಟೇ? ಉಂಟಾದರೆ ಕೊರೊನಾದಂತೆ, ಇನ್‌ಫ್ಲುಯೆಂಜಾದಂತೆ ಸೋಪು ಅದನ್ನು ಒಡೆಯುತ್ತದೆ. ಇಲ್ಲವಾದರೆ ರೋಟಾ, ಹೆಪಟೈಟಿಸ್ ಎ ಥರ ಗಟ್ಟಿ ಜೀವ. ಸ್ಯಾನಿಟೈಸರ್ ನಂಬಿ ಕೂರದೆ ಕೈಯನ್ನು ಚೆನ್ನಾಗಿ ಉಜ್ಜಿ ನೀರಿನಲ್ಲಿ ತೊಳೆಯಬೇಕು, ಕುಡಿಯುವ ನೀರನ್ನು ಕುದಿಸಬೇಕು. ಇಷ್ಟು ತಿಳಿದರೆ ಮನೆಯಲ್ಲಿ ಏನು ಮಾಡಬೇಕೆಂಬುದರ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧಕ್ಕೆ ವೈದ್ಯರಲ್ಲಿಗೆ ಹೋಗಿ.